ಹೆಂಟೆ ಬಾಲಿನ ವರ್ಷ

ಸಾಸಿವೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕರಿದು, ಅದಕ್ಕೆ ಕರ್ಪೂರ ಪುಡಿ ಮಾಡಿ ಹಾಕಿದ ವಾಸನೆ ಮೂಗಿಗೆ ಬಿದ್ದರೆ ಉಳಿದವರಿಗೆ ಬಾಣಂತನ ನೆನಪಾಗುತ್ತದೋ ಅಜ್ಜಿ ನೆನಪಾಗುತ್ತಾಳೋ ನನಗೆ ಗೊತ್ತಿಲ್ಲ. ನನಗಂತೂ ಸಿಟ್ಟು ಬರುತ್ತದೆ. ಮೊನ್ನೆ ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜ ಮೊಣಕಾಲಿಗೆ ಅದೇ ಎಣ್ಣೆ ತಿಕ್ಕಿಕೊಂಡು ಬಂದಿದ್ದರು. ಪಾಪ, ಅವರೇನು ಮಾಡಿದ್ದರು ನನಗೆ? ಆದರೂ ಕಿಟಕಿ ಪೂರ್ತಿ ತೆಗೆದು, ಮುಖ ಗಂಟು ಹಾಕಿಕೊಂಡು ಕೂತೆ. ಅದು ನನ್ನ ಗಂಡನ ಬಲಭುಜದ ವಾಸನೆ. ಆ ಒಂದು ವರ್ಷ, ಮುಂಗಾರು ಹಿಡಿದಾಗಿನಿಂದ ಸಂಕ್ರಾಂತಿ ದಾಟುವವರೆಗೆ, ನಮ್ಮ ಮನೆಯ ದಿಂಬು, ಚಾದರ, ರೊಟ್ಟಿ ಬುಟ್ಟಿ, ನನ್ನ ಶಾಲೆಯ ಚೀಲ ಎಲ್ಲಕ್ಕೂ ಅದೇ ನಾತ.

ನಾನು ನಾಗಲಗಿದ್ದದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರು. ಹುಟ್ಟಿ ಬೆಳೆದದ್ದು ಜಹೀರಾಬಾದಿನಲ್ಲಿ. ನಮ್ಮಪ್ಪ ಕುರಿ ಸಾಕುವುದು ಬಿಟ್ಟು ಬಸ್ಸಿನ ಕಂಡಕ್ಟರ್ ಆದವರು, ಹಾಗಾಗಿ ಕುರಿಯ ಹಿಂದೆ ನಡೆದು ನನಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಬಂದದ್ದು ಮಾತ್ರ ಅಂಗಳದ ತುಂಬ ಕುರಿ ಇರುವ ಮನೆಗೆ. ನನ್ನ ಗಂಡ ಬೀರಪ್ಪ ಕುರಿ ಸಾಕುತ್ತಾರೆ, ಜೋಳ ತೊಗರಿ ಬೆಳೆಯುತ್ತಾರೆ, ಉಳಿದ ಹೊತ್ತಿನಲ್ಲಿ ಟೆನ್ನಿಸ್ ಬಾಲಿನ ಕ್ರಿಕೆಟ್ ಆಡುತ್ತಾರೆ. ಅಲ್ಲ, ತಪ್ಪು ಹೇಳಿದೆ. ಕ್ರಿಕೆಟ್ ಆಡುತ್ತಾರೆ, ಉಳಿದ ಹೊತ್ತಿನಲ್ಲಿ ಕುರಿ, ಜೋಳ, ತೊಗರಿ. ಹೆಂಡತಿಯ ಸರದಿ ಅದಾದ ಮೇಲೆ.

ವಯಸ್ಸಿನಲ್ಲಿ ಬಹಳ ಜೋರಾಗಿ ಬಾಲ್ ಹಾಕುತ್ತಿದ್ದರಂತೆ. ಕಂಗ್ಟಿಯಿಂದ ತಾಂಡೂರಿನವರೆಗೆ ಅವರಿಗೆ 'ಮೇಲ್ ಗಾಡಿ' ಅಂತ ಹೆಸರು. ಆದರೆ ಮೂರು ಊರಿನ ಟೂರ್ನಮೆಂಟ್ ಅಂತ ನಮ್ಮ ಕಡೆ ಪ್ರತಿವರ್ಷ ನಡೆಯುತ್ತದಲ್ಲ, ಮೊದಲ ಆಟಗಳು ನಾರಾಯಣಖೇಡದಲ್ಲಿ, ಸೆಮಿಫೈನಲ್ ಜಹೀರಾಬಾದಿನಲ್ಲಿ, ಫೈನಲ್ ತಾಂಡೂರಿನಲ್ಲಿ, ಅದನ್ನು ಇವರ ಟೀಮು ಒಮ್ಮೆಯೂ ಗೆದ್ದಿರಲಿಲ್ಲ. ಪ್ರತಿವರ್ಷ ಹೋಗುವುದು, ಸೋಲುವುದು, ಬಂದು ಮೂರು ದಿನ ಯಾರ ಜೊತೆಗೂ ಮಾತಾಡದೆ ಕುರಿಗಳ ಜೊತೆ ಕೂರುವುದು. ನಲವತ್ತು ದಾಟಿದ ಮೇಲೂ ಅದೇ. ಟೀಮಿನ ಹೊಸ ಹುಡುಗರು ಹಿಂದಿನಿಂದ 'ಪ್ಯಾಸೆಂಜರ್ ಗಾಡಿ' ಅನ್ನತೊಡಗಿದ್ದರು. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ, ನನ್ನ ಕಿವಿಗೆ ಬಿದ್ದಿತ್ತು.

ಆ ಬೇಸಿಗೆಯಲ್ಲಿ ಉಣ್ಣೆ ಕತ್ತರಿಸುವಾಗ ಒಂದು ಟಗರನ್ನು ಮೊಣಕಾಲಲ್ಲಿ ಒತ್ತಿ ಹಿಡಿದಿದ್ದರು. ಅದು ಒಮ್ಮೆಲೇ ಕೊಸರಿತು. ಬಿಟ್ಟಿದ್ದರೆ ಆಗುತ್ತಿತ್ತು. ಬಿಡುವ ಮನುಷ್ಯನೇ ಅಲ್ಲವಲ್ಲ, ಟಗರು ಒಂದು ಕಡೆ ಎಳೆಯಿತು, ಇವರು ಒಂದು ಕಡೆ ಎಳೆದರು, ಭುಜದ ಕೀಲು ತಪ್ಪಿತು. ಜಹೀರಾಬಾದಿನ ಡಾಕ್ಟರು ಕೀಲು ಕೂರಿಸಿ, ಇನ್ನು ಮುಂದೆ ಕೈಯನ್ನು ತಲೆಯ ಮೇಲಿಂದ ಜೋರಾಗಿ ಬೀಸಕೂಡದು ಅಂದರು. ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ಮುಗಿಯಿತು ಈ ಕಾಟ ಅಂದುಕೊಂಡೆ.

ಮೊದಲ ಮಳೆ ಬಿದ್ದ ವಾರದಲ್ಲಿ ಗೌಸ್ ಮನೆಗೆ ಬಂದ. ಅವನಿಗೆ ನಾರಾಯಣಖೇಡದಲ್ಲಿ ಪಂಕ್ಚರ್ ಅಂಗಡಿ. ಇವರ ಚಿಕ್ಕಂದಿನ ಗೆಳೆಯ, ಟೀಮಿನ ಕ್ಯಾಪ್ಟನ್, ವಿಕೆಟ್ ಕೀಪರ್ರೂ ಅವನೇ. ಕೈಯಲ್ಲಿ ಹೊಸದಾಗಿ ಹೊಲಿಸಿದ ಬಿಳಿ ಕೋಟು.

"ಭಾಭಿ, ನೀವೇ ಜರಾ ಹೇಳ್ರಿ," ಅಂದ ನನ್ನ ಕಡೆ ತಿರುಗಿ. "ಪೋರಗೋಳು ನನ್ ಮಾತ್ ಕೇಳವಲ್ರು. ಬೀರಣ್ಣ ಬಾಲ್ ಹಾಕಿದ್ರ ನಾವ್ ಆಡಂಗಿಲ್ಲ ಅಂತಾರ. ಈ ಸಲ ಅಂಪೈರ್ ಆಗ್ಲಿ. ಗ್ರೌಂಡಿನಾಗೂ ಇರ್ತಾನ, ಇಜ್ಜತ್ತೂ ಉಳೀತದ."

"ಬಂಗಾರದಂಥಾ ಮಾತು," ಅಂದೆ ನಾನು.

ನನ್ನ ಗಂಡ ಕೋಟು ಇಸಿದುಕೊಂಡು ಅಂಗಳಕ್ಕೆ ಹೋದರು. ಕೀಲು ತಪ್ಪಿಸಿದ ಅದೇ ಟಗರಿನ ಬೆನ್ನಿಗೆ ಹೊದಿಸಿ, ಎರಡು ಗುಂಡಿಯನ್ನೂ ಹಾಕಿದರು.

"ಇದಕ್ಕ ಬರೋಬ್ಬರಿ ಆಗ್ಯದ ನೋಡು," ಅಂದರು. ಆಮೇಲೆ ದನಿ ಇಳಿಸಿ, "ಗೌಸ್, ಈ ಒಂದ್ ವರ್ಸ ಕೊಡು ನಂಗ. ತಾಂಡೂರಿನಾಗ ಗೆದ್ದಿಲ್ಲ ಅಂದ್ರ ಈ ಕೋಟು ನಾನೇ ಹಾಕ್ಕೋತೀನಿ. ಮತ್ತ ಬಾಲ್ ಮುಟ್ಟಂಗಿಲ್ಲ. ಅವ್ವನ ಆಣಿ."

ಒಳಗಿನಿಂದ ನಮ್ಮ ಅತ್ತೆ, "ನನ್ನ ಆಣಿ ಯಾಕ ಇಡ್ತಿ? ನಿನ್ನ ಹೇಣ್ತಿ ಆಣಿ ಇಡು!" ಅಂತ ಕೂಗಿದರು. ಗೌಸ್ ತಲೆ ಕೆರೆದುಕೊಂಡು ಒಪ್ಪಿಬಿಟ್ಟ. ಟಗರು ಕೋಟಿನ ಸಮೇತ ಬೇಲಿ ದಾಟಿ ಓಡಿತು. ಅದನ್ನು ಹಿಡಿದು, ಕೋಟು ಬಿಚ್ಚಿ, ಒಗೆದು, ಗಳಕ್ಕೆ ಹಾಕಿದವಳು ನಾನು. ಈ ಮನೆಯಲ್ಲಿ ಯಾರು ಏನು ಮಾಡಿದರೂ ಒಗೆಯುವ ಕೆಲಸ ನನ್ನದೇ.

ಕೈ ಬೀಸಲು ಬಾರದವನು ಬಾಲ್ ಹೇಗೆ ಹಾಕುತ್ತಾನೆ? ನಾನೂ ಕೇಳಿದೆ. ಉತ್ತರ ಸಿಕ್ಕಿದ್ದು ಆಷಾಢದ ಒಂದು ರವಿವಾರ, ನಾನು ಹೊಲಕ್ಕೆ ರೊಟ್ಟಿ ಒಯ್ದಾಗ. ನಮ್ಮ ಹೊಲದ ಪಕ್ಕದವರದು ಹೆಸರು ಬೆಳೆ, ಎಳೆ ಗಿಡ. ಒಂದು ಗಬ್ಬದ ಕುರಿ ಮಂದೆ ಬಿಟ್ಟು ನೆಟ್ಟಗೆ ಆ ಕಡೆ ಹೊರಟಿತು. ಕುರಿ ಕಾಯುವವರು ಇಂಥ ಹೊತ್ತಿನಲ್ಲಿ ಒಂದು ಹೆಂಟೆ ಮಣ್ಣು ಎತ್ತಿ ಎಸೆಯುತ್ತಾರೆ. ಆದರೆ ಕುರಿಗೆ ಹೊಡೆಯುವುದಿಲ್ಲ. ಹೊಟ್ಟೆಗೆ ತಾಕಿದರೆ ಕಂದು ಹಾಕುತ್ತದೆ ಅಂತ ಭಯ. ಹೆಂಟೆ ಕುರಿಯ ಮೂತಿಯ ಮುಂದೆ, ಒಂದು ಗೇಣಿನ ಅಂತರದಲ್ಲಿ ಬೀಳಬೇಕು. ಬಿದ್ದರೆ ಕುರಿ ಬೆಚ್ಚಿ ನಿಂತು, ತಾನೇ ಹಿಂದಿರುಗುತ್ತದೆ. ಎಸೆಯುವಾಗ ಬಾಯಲ್ಲಿ ಒಂದು ಕೂಗು: ಕೈ ಹಿಂದೆ ಹೋದಾಗ 'ಹುರ್ರ್', ಹೆಂಟೆ ಬಿಡುವಾಗ 'ಹ್ಯಾ'. ನಡೆಯಲು ಕಲಿಯುವ ಮೊದಲೇ ಇವರ ಮನೆಯ ಮಕ್ಕಳು ಅದನ್ನು ಕಲಿಯುತ್ತಾರೆ.

ಭುಜ ನೋಯುತ್ತಿದ್ದರಿಂದ ಇವರು ಅವತ್ತು ಮೆಲ್ಲಗೆ ಎಸೆದರು. ಹೆಂಟೆ ಮೇಲಕ್ಕೆ ಹೋಯಿತು, ಹೋಯಿತು, ಇನ್ನು ಬೀಳುವುದೇ ಇಲ್ಲವೇನೋ ಅನ್ನುವಷ್ಟು ಹೊತ್ತು ನಿಂತಂತಿದ್ದು, ಕುರಿಯ ಮೂತಿಯ ಮುಂದೆ ಪಚಕ್ಕೆಂದು ಬಿತ್ತು. ಕುರಿ ಮುಂದಿಟ್ಟ ಕಾಲು ಹಿಂದೆಗೆಯಿತು. ಇವರು ಅಲ್ಲೇ ನಿಂತುಬಿಟ್ಟರು.

"ಏ ಸುಶೀಲಾ, ನೋಡ್ದೇನು?"

"ಏನ್ ನೋಡಾದರಿ? ಮಳಿ ಬರಾಕತ್ತದ, ರೊಟ್ಟಿ ತೊಯ್ಯಾಕತ್ತಾವ, ಬಂದು ತಿನ್ರಿ."

"ಅದು ಕಾಲ್ ಎತ್ತಿ ಇಟ್ಟಿತ್ತು. ಹೆಂಟಿ ತಡಾ ಬಂತು. ತಡಾ ಬಂದಿದ್ದಕ್ಕೇ ಹೆದರ್ತು!"

ನನಗೇನೂ ತಿಳಿಯಲಿಲ್ಲ. ರೊಟ್ಟಿಯಂತೂ ಮುದ್ದೆಯಾಯಿತು.

ಅವತ್ತಿನಿಂದ ಮನೆಯಲ್ಲಿ ದುಂಡಗಿರುವ ಒಂದು ವಸ್ತುವೂ ಇಟ್ಟ ಜಾಗದಲ್ಲಿ ಇರಲಿಲ್ಲ. ಉಳ್ಳಾಗಡ್ಡಿ, ನಿಂಬೆಹಣ್ಣು, ಬೆಲ್ಲದ ಉಂಡೆ, ಎಲ್ಲವೂ ಅಂಗಳದಲ್ಲಿ ಹಾರುತ್ತಿದ್ದವು. ಗೋಡೆಗೆ ಒಂದು ಮೇವಿನ ಬುಟ್ಟಿ ಆನಿಸಿಟ್ಟು ಅದೇ ಬ್ಯಾಟ್ಸ್‌ಮನ್ ಅನ್ನುತ್ತಿದ್ದರು. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಬಾಲ್ ಹೆಕ್ಕಿ ಕೊಡಬೇಕು. ಅತ್ತೆ ಕಟ್ಟೆಯ ಮೇಲೆ ಕೂತು ಕೋಚ್. ಕ್ರಿಕೆಟ್ ಅಂದರೆ ಏನೆಂದು ಜೀವಮಾನದಲ್ಲಿ ನೋಡದ ಹೆಂಗಸು, "ಕುರಿಗಿ ತಾಕಬಾರ್ದು, ಮುಂದ ಬೀಳ್ಬೇಕು. ಮುಂದ, ಮುಂದ!" ಅಂತ ಒದರುವುದು. ಆಮೇಲೆ ಎಣ್ಣೆ ಕಾಯಿಸಿ ಮಗನ ಭುಜ ತಿಕ್ಕುವುದು. ದಿನವೂ ಅದೇ 'ಹುರ್ರ್', ಅದೇ 'ಹ್ಯಾ'. ಕೇಳಿ ಕೇಳಿ ಎಂಥ ಗತಿಗೆ ಬಂದೆನೆಂದರೆ, ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೂ ತಲೆಯೊಳಗೆ 'ಹುರ್ರ್' ಅನ್ನುತ್ತಿತ್ತು. ಬಾಯಲ್ಲಿ ಮಾತ್ರ ಒಮ್ಮೆಯೂ ಅಂದಿರಲಿಲ್ಲ. ನಾನು ಟೀಚರು, ನನಗೆ ನನ್ನ ಮಾನ ಮರ್ಯಾದೆ ಇದೆಯಲ್ಲ.

ದಸರೆಯ ಹೊತ್ತಿಗೆ ನಾರಾಯಣಖೇಡದ ಆಟಗಳು ಶುರುವಾದವು. ನಾನು ಹೋಗಲಿಲ್ಲ. ನಗುವವರ ನಡುವೆ ಕೂರುವ ಶಕ್ತಿ ನನಗಿರಲಿಲ್ಲ. ನನ್ನ ಗಂಡನನ್ನು ನಾನು ಬೆಳಗಿನಿಂದ ಸಂಜೆಯವರೆಗೆ ಬೈಯುತ್ತೇನೆ, ಆದರೆ ಬೇರೆಯವರು ನಕ್ಕರೆ ನನ್ನ ಹೊಟ್ಟೆ ಉರಿಯುತ್ತದೆ. ಅಲ್ಲಿ ನಡೆದದ್ದನ್ನು ಗೌಸ್ ಫೋನಿನಲ್ಲಿ ಹೇಳಿದ. ಹುಡುಗರ ಬೌಲಿಂಗು ಚೆನ್ನಾಗಿ ಚಚ್ಚಿಸಿಕೊಂಡಾದ ಮೇಲೆ ಬೇರೆ ದಾರಿ ಕಾಣದೆ ಬಾಲ್ ಇವರ ಕೈಗೆ ಕೊಟ್ಟನಂತೆ. ಮೊದಲ ಬಾಲ್ ಗಾಳಿಯಲ್ಲಿ ತೇಲುವಾಗ ಗ್ರೌಂಡಿಗೆ ಗ್ರೌಂಡೇ ನಕ್ಕಿತಂತೆ. ಬ್ಯಾಟ್ಸ್‌ಮನ್ ಸಿಕ್ಸರ್ ಹೊಡೆಯಲು ಬ್ಯಾಟು ಬೀಸಿ ಮುಗಿಸಿದ, ಬಾಲ್ ಇನ್ನೂ ಬಂದೇ ಇರಲಿಲ್ಲ. ಆಮೇಲೆ ಬಂದು, ಅವನ ಕಾಲ ಮುಂದೆ ಬಿದ್ದು, ಹಿಂದಿನ ಸ್ಟಂಪಿಗೆ ಮೆತ್ತಗೆ ತಾಕಿತು.

"ಭಾಭಿ, ಕಸಂ ಹೇಳ್ತೀನಿ, ಬೇಲ್ಸ್ ಸುದಾ ಯೋಚ್ನಿ ಮಾಡಿ ಬಿತ್ತು!" ಅಂದ ಗೌಸ್.

ಅವತ್ತಷ್ಟೇ ಅಲ್ಲ, ಮುಂದಿನ ಆಟಗಳಲ್ಲೂ ಹಾಗೆಯೇ ಆಯಿತು. ಜೋರು ಬಾಲಿಗೆ ಜೋರಾಗಿ ಹೊಡೆದು ಕಲಿತ ಈಗಿನ ಹುಡುಗರಿಗೆ ಕಾಯುವುದೇ ಗೊತ್ತಿರಲಿಲ್ಲ. ಇಷ್ಟು ವರ್ಷ ಮೈಮುರಿದು ಓಡಿ ಬಂದು ಹಾಕಿದಾಗ ಬೀಳದ ವಿಕೆಟ್ಟುಗಳು ಈಗ ನಾಲ್ಕು ಹೆಜ್ಜೆ ನಡೆದು ಎಸೆದರೆ ಬೀಳುತ್ತಿದ್ದವು. ಇವರು ಚೆಂಡುಹೂವಿನ ಹಾರ ಹಾಕಿಸಿಕೊಂಡು ಬೈಕಿನಲ್ಲಿ ಬರುವುದು, ಹಾರ ತೆಗೆದು ಕುರಿಗೆ ತಿನ್ನಿಸುವುದು. ಊರಿನಲ್ಲಿ ಅದಕ್ಕೆ 'ಹೆಂಟಿ ಬಾಲ್' ಅಂತ ಹೆಸರೇ ಬಿತ್ತು. ಖುಷಿ ಆಗಲಿಲ್ಲವೇ ಅಂತ ಕೇಳಬೇಡಿ. ಆಗಿತ್ತು. ಆದರೆ ಅತ್ತೆಯೂ ಮಗನೂ ಸೇರಿ ಅದನ್ನು ಆನಂದಿಸಲು ನನಗೆ ಪುರುಸೊತ್ತು ಕೊಟ್ಟರೆ ತಾನೆ?

ಕಬ್ಬಿನ ಟ್ರಾಕ್ಟರುಗಳು ಹೈವೇ ತುಂಬ ನಿಂತಿರುವ ದಿನಗಳಲ್ಲಿ ಜಹೀರಾಬಾದಿನ ಸೆಮಿಫೈನಲ್. ತವರೂರು, ಹಾಗಾಗಿ ಹೋಗದೆ ಇರಲು ನೆವ ಸಿಗಲಿಲ್ಲ. ಅಲ್ಲೂ ಗೆದ್ದರು. ಆದರೆ ಅಲ್ಲೇ ಒಂದು ತಕರಾರು ಹುಟ್ಟಿತು. ಔಟಾದ ಹುಡುಗನೊಬ್ಬ ಅಂಪೈರಿನ ಹತ್ತಿರ ಹೋಗಿ, "ಯೇ ಚಾಚಾ ಬಾಲ್ ಡಾಲ್ತೇ ವಖತ್ ಚಿಲ್ಲಾರೇ," ಅಂದ. ಈ ಚಾಚಾ ಬಾಲ್ ಹಾಕುವಾಗ ಕೂಗುತ್ತಾರೆ ಅಂತ. ಆಗಲೇ ನನ್ನ ಗಮನಕ್ಕೂ ಬಂದದ್ದು: ನನ್ನ ಗಂಡ ಗ್ರೌಂಡಿನಲ್ಲೂ 'ಹುರ್ರ್... ಹ್ಯಾ' ಅನ್ನುತ್ತಿದ್ದರು. ಬೇಕೆಂದು ಅಲ್ಲ, ತಮಗೇ ಗೊತ್ತಿಲ್ಲದೆ. ಅಲ್ಲಿಯ ಅಂಪೈರ್ ನಕ್ಕು ಸುಮ್ಮನಾದ. ಆದರೆ ಸುದ್ದಿ ತಾಂಡೂರು ಮುಟ್ಟಿತು. ಫೈನಲ್ಲಿನಲ್ಲಿ ಬೌಲರ್ ಬಾಯಿ ತೆರೆದರೆ ನೋ ಬಾಲ್ ಅಂತ ಅಲ್ಲಿಯವರು ಮೊದಲೇ ಹೇಳಿ ಕಳಿಸಿದರು.

ಆಗ ಬಂತು ನೋಡಿ ನನ್ನ ಕರ್ಮ. ಬಾಯಿ ಮುಚ್ಚಿಕೊಂಡು ಬಾಲ್ ಹಾಕುವುದು, ಇಷ್ಟೇ ಅಲ್ಲವೇ ಕೆಲಸ? ಅದು ಈ ಮನುಷ್ಯನಿಂದ ಆಗಲಿಲ್ಲ. ಕೂಗಿಲ್ಲದೆ ಎಸೆದರೆ ಬಾಲ್ ಬುಟ್ಟಿ ಬಿಟ್ಟು ಪಕ್ಕದವರ ತಗಡಿನ ಮೇಲೆ ಬೀಳುತ್ತಿತ್ತು. ಬಾಯಿಗೆ ಟವೆಲ್ ಕಟ್ಟಿಕೊಂಡರು, ಟವೆಲಿನೊಳಗಿಂದಲೇ 'ಹುರ್ರ್' ಬಂತು. ಬಾಯಿ ತುಂಬ ನೀರು ಹಿಡಿದುಕೊಂಡರು, ನೆತ್ತಿಗೇರಿ ಕೆಮ್ಮಿ ನನ್ನ ಮೇಲೆಲ್ಲ ಉಗುಳಿದರು, ಅದೂ ನಾನು ಶಾಲೆಗೆ ಹೊರಟು ನಿಂತಾಗ.

"ನಿಮಗೇನ್ ರೋಗ ಬಂದದರಿ? ಎರಡು ನಿಮಿಷ ಬಾಯಿ ಮುಚ್ಕೊಂಡಿರಾಕ ಬರಂಗಿಲ್ಲೇನು?"

"ಬಾಯಿ ಮುಚ್ಚಿದ್ರ ಕೈ ಬಿಚ್ಚಂಗಿಲ್ಲ, ಸುಶೀಲಾ," ಅಂದರು. ಮುಖ ನೋಡಿದೆ. ತಮಾಷೆ ಇರಲಿಲ್ಲ. "ಖರೇನೇ ಬಿಚ್ಚಂಗಿಲ್ಲ. ಏನ್ ಮಾಡ್ಲಿ ಹೇಳು."

ಇನ್ನೊಂದು ಸೀರೆ ಉಟ್ಟು ಶಾಲೆಗೆ ಹೋದೆ. ದಾರಿಯುದ್ದಕ್ಕೂ ಅಳು ಬಂದ ಹಾಗಾಗಿ, ಅದಕ್ಕೂ ಸಿಟ್ಟು ಬಂತು.

ತಾಂಡೂರಿನ ಗ್ರೌಂಡು ಕಲ್ಲು ಕೊಯ್ಯುವ ಯೂನಿಟ್ಟುಗಳ ಬದಿಗಿದೆ. ಕಲ್ಲಿನ ಧೂಳು ಕೂತು ಗಿಡ, ಗೋಡೆ, ಜನರ ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ನಮ್ಮೂರಿನಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು, ನನ್ನ ಶಾಲೆಯ ಮಕ್ಕಳ ತಂದೆ ತಾಯಂದಿರೇ ಹೆಚ್ಚು. ಬೌಂಡರಿಯ ಹಗ್ಗದ ಪಕ್ಕ ಕೊಡೆ ಹಿಡಿದು ಕೂತೆ. ಅತ್ತೆಗೆ ಜ್ವರ, ಮನೆಯಲ್ಲಿದ್ದರು.

ನಮ್ಮವರು ಮೊದಲು ಬ್ಯಾಟು ಮಾಡಿ ಹೇಳಿಕೊಳ್ಳುವಂಥ ರನ್ನನ್ನೇ ಹೊಡೆದರು. ತಾಂಡೂರಿನವರು ಆಡಲು ಬಂದಾಗ ಇವರ ಮೊದಲ ಓವರು. ತುಟಿ ಬಿಗಿಹಿಡಿದು ಹಾಕಿದರು. ಒಂದು ಬಾಲ್ ಗಿಡದಾಚೆ ಹೋಯಿತು, ಒಂದು ಟೆಂಪೋದ ಮೇಲೆ ಬಿತ್ತು. ಗೌಸ್ ಬಾಲ್ ಕಸಿದುಕೊಂಡು ಹುಡುಗರಿಗೆ ಕೊಟ್ಟ. ಹುಡುಗರೂ ಚೆನ್ನಾಗಿಯೇ ಹಾಕಿದರು. ಆದರೆ ಒಬ್ಬೊಬ್ಬರಿಗೆ ಎರಡೇ ಓವರು ಅನ್ನುವುದು ಅಲ್ಲಿಯ ನೇಮ. ಕೊನೆಯ ಓವರಿಗೆ ಬಂದು ನಿಂತಾಗ ಉಳಿದಿದ್ದವರು ನನ್ನ ಗಂಡ ಒಬ್ಬರೇ. ತಾಂಡೂರಿನವರಿಗೆ ಬೇಕಾದದ್ದು ಒಂಬತ್ತು ರನ್.

ಗೌಸ್ ಬಾಲ್ ಕೊಟ್ಟು ಏನೋ ಹೇಳಿದ. ಇವರು ತಲೆ ಅಲ್ಲಾಡಿಸಿದರು. ಮೊದಲ ಬಾಲೇ ವೈಡ್. ಮುಂದಿನದಕ್ಕೆ ಎರಡು ರನ್ ಹೋಯಿತು. ಹಗ್ಗದ ಹತ್ತಿರ ನಿಂತಿದ್ದ ನಮ್ಮದೇ ಟೀಮಿನ ಹುಡುಗನೊಬ್ಬ ನನ್ನ ಕಡೆ ತಿರುಗಿ, "ಟೀಚರಮ್ಮ, ಬಿಳಿ ಕೋಟು ಇಸ್ತ್ರಿ ಮಾಡಿ ಇಡ್ರಿ," ಅಂದು ಹಲ್ಲು ಕಿರಿದ. ನಾನು ಅವನನ್ನು ನೋಡಲಿಲ್ಲ. ನನ್ನ ಗಂಡನನ್ನು ನೋಡುತ್ತಿದ್ದೆ. ಅವರು ಬಾಲ್ ಹಿಡಿದು ನಿಂತಿದ್ದರು. ತುಟಿ ಎಷ್ಟು ಬಿಗಿದಿದ್ದವೆಂದರೆ ಕತ್ತಿನ ನರ ನನಗೆ ಅಷ್ಟು ದೂರಕ್ಕೂ ಕಾಣುತ್ತಿತ್ತು. ಇಷ್ಟು ವರ್ಷ ಬೇಡ ಬೇಡ ಅಂದವಳು ನಾನೇ. ಆದರೆ ಈ ಮನುಷ್ಯ ಹೀಗೆ, ಬಾಯಿ ಕಟ್ಟಿಸಿಕೊಂಡು, ಈ ಹುಡುಗರ ಮುಂದೆ ಸೋಲುವುದು ನನಗೆ ಬೇಡವಾಗಿತ್ತು. ಹಾಳಾಗಿ ಹೋಗಲಿ ಮರ್ಯಾದೆ ಅಂದುಕೊಂಡೆ.

ಕೊಡೆ ಎಸೆದು ಎದ್ದು ನಿಂತೆ. ಇವರು ಹೆಜ್ಜೆ ಹಾಕಿದರು, ಕೈ ಹಿಂದೆ ಹೋಯಿತು.

"ಹುರ್ರ್ರ್..." ಅಂದೆ. ಗಂಟಲು ಹರಿಯುವಂತೆ ಅಂದೆ. "ಹ್ಯಾ!"

ಬಾಲ್ ಮೇಲಕ್ಕೆ ಹೋಗಿ, ನಿಂತು, ಬ್ಯಾಟ್ಸ್‌ಮನ್ನಿನ ಕಾಲ ಮುಂದೆ ಬಿತ್ತು. ಅವನ ಬ್ಯಾಟು ಬರೀ ಗಾಳಿಗೆ ಹೋಯಿತು. ನಮ್ಮೂರಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ಇವರೂ ಒಂದು ಕ್ಷಣ ನೋಡಿದರು, ಬಾಲ್ ಇಸಿದುಕೊಂಡು ವಾಪಸ್ ನಡೆದರು. ಮತ್ತೆ ಕೈ ಹಿಂದೆ ಹೋಯಿತು, ಮತ್ತೆ ಕೂಗಿದೆ. ಈ ಸಲ ಸ್ಟಂಪ್ ಬಿತ್ತು. ತಾಂಡೂರಿನ ಕ್ಯಾಪ್ಟನ್ ಓಡಿಬಂದು ನನ್ನ ಕಡೆ ಕೈ ತೋರಿಸಿ ಜಗಳ ತೆಗೆದ. ಅಂಪೈರ್ ಸುತ್ತ ನೋಡಿದ. ಅತ್ತ ಹಲಗೆ ಬಡಿಯುತ್ತಿದ್ದರು, ಇತ್ತ ಸೀಟಿ ಊದುತ್ತಿದ್ದರು.

"ಪಬ್ಲಿಕ್ ಅರುಸ್ತೇ ನೇನೇಂ ಚೇಯಾಲಿ?" ಅಂದ ತೆಲುಗಿನಲ್ಲಿ. ಜನ ಕೂಗಿದರೆ ನಾನೇನು ಮಾಡಲಿ ಅಂತ. ನಾನೂ ಜನವೇ ಅಲ್ಲವೇ, ಸರಿಯಾಗಿಯೇ ಹೇಳಿದ.

ಹೊಸ ಬ್ಯಾಟ್ಸ್‌ಮನ್ ಮೊದಲ ಬಾಲಿಗೇ ಫೋರ್ ಹೊಡೆದ. ಇನ್ನು ಎರಡು ಬಾಲ್, ಗೆಲ್ಲಲು ಅವರಿಗೆ ಎರಡು ರನ್. ಮುಂದಿನ ಬಾಲಿಗೆ ಅವನು ಬೀಸಿ ತಪ್ಪಿದ. ಕೊನೆಯ ಬಾಲಿಗೆ ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಕೈ ಯಾವಾಗ ಹಿಂದೆ ಹೋಯಿತೆಂದು ಹೇಗೆ ತಿಳಿಯಬೇಕು? ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ. ಬ್ಯಾಟ್ಸ್‌ಮನ್ ಬಾಲನ್ನು ಅರ್ಧ ದಾರಿಯಲ್ಲೇ ಹೊಡೆಯುತ್ತೇನೆಂದು ಮುಂದೆ ನುಗ್ಗಿ ಬಂದ. ಬಾಲ್ ಇನ್ನೂ ಮೇಲೇ ಇತ್ತು. ಅದು ಅವನ ಬೂಟಿನ ಮುಂದೆ ಒಂದು ಗೇಣಿಗೆ ಬಿದ್ದಾಗ ಅವನು ಗಕ್ಕನೆ ನಿಂತ. ಪಕ್ಕದಿಂದ ಉರುಳಿ ಹೋದ ಬಾಲನ್ನು ಗೌಸ್ ಎತ್ತಿಕೊಂಡು, ಅಳುತ್ತಲೇ ಸ್ಟಂಪ್ ಕೆಡವಿದ. ಒಂದೇ ರನ್ನಿನಿಂದ ಗೆದ್ದರು.

ಹುಡುಗರು ಓಡಿಬಂದು ನನ್ನ ಗಂಡನನ್ನು ಎತ್ತಿಕೊಂಡರು. ಹಲ್ಲು ಕಿರಿದಿದ್ದವನೇ ಎಲ್ಲರಿಗಿಂತ ಮುಂದೆ. ಇವರು "ಭುಜ, ಭುಜ, ನಿಮ್ಮವ್ನ, ಇಳಸ್ರೋ" ಅಂತ ಒದರುತ್ತ ಹೇಗೋ ಬಿಡಿಸಿಕೊಂಡು, ಹಗ್ಗ ದಾಟಿ ನೇರವಾಗಿ ನನ್ನ ಹತ್ತಿರ ಬಂದರು. ಮೈಯೆಲ್ಲ ಬೆವರು, ಬೆವರಿನ ಮೇಲೆ ಕಲ್ಲಿನ ಧೂಳು. ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಏನೋ ಒಂದು ಒಳ್ಳೆಯ ಮಾತು ಬರುತ್ತದೆ ಅಂತ ಕಾದೆ.

"ನಾಕನೇ ಬಾಲಿಗಿ ತಡಾ ಮಾಡ್ದಿ," ಅಂದರು. "'ಹ್ಯಾ' ಅಂಬೋದು ಬಾಲ್ ಕೈಯಾಗ ಇದ್ದಾಗ ಅನಬೇಕು, ಬಿಟ್ಟ ಮ್ಯಾಲ ಅಲ್ಲ. ಅದಕ್ಕೇ ಫೋರ್ ಹೋತು."

ನನ್ನ ರಕ್ತ ಕುದಿಯಿತು. ಬಾಯಿ ತೆರೆದೆ. ಗಂಟಲು ಕಟ್ಟಿಹೋಗಿತ್ತು, ಬರೀ ಗಾಳಿ ಬಂತು. ಮದುವೆಯಾದಾಗಿನಿಂದ ಮೊದಲ ಸಲ ಅವರನ್ನು ಬೈಯಲು ನನಗೆ ಸ್ವರವೇ ಇರಲಿಲ್ಲ. ಅದು ಗೊತ್ತಾದ ಮೇಲೆ ಆ ಮನುಷ್ಯ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುತ್ತಲೇ, ಅಲ್ಲೇ ನಿಂತು ಇನ್ನೂ ಎರಡು ತಪ್ಪು ಎತ್ತಿ ತೋರಿಸಿದರು.